ಪುಣೆಯ ನಲ್ಲಿ, ನಮ್ಮೂರ ಹೊಳೆ

ನಮ್ಮೂರು ಅಫಜಲಪುರ ತಾಲ್ಲೂಕಿನ ಭೀಮಾ ದಡದಲ್ಲಿದೆ, ನಾನಿರುವುದು ಪುಣೆಯಲ್ಲಿ. ಹೋದ ಬೇಸಿಗೆಯಲ್ಲಿ ಅವ್ವ ಫೋನಿನಲ್ಲಿ, "ಹೊಳ್ಯಾಗ ನೀರೇ ಇಲ್ಲ ನೋಡಪ್ಪ" ಅಂದಳು. ಪೈಪು ಹಿಡಿದು ಕಾರು ತೊಳೆಯುತ್ತಿದ್ದ ನಾನು, "ಮಳೆ ಆಗಿಲ್ಲ ಬಿಡವ್ವಾ" ಎಂದುಬಿಟ್ಟೆ. ಆಮೇಲೆ ನಕಾಶೆ ತೆಗೆದು ನೋಡಿದೆ.

ಪುಣೆ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಹ್ಯಾದ್ರಿಯೇ ಇಲ್ಲಿನ ಜಲವಿಭಜಕ. ಅದರ ಪೂರ್ವಕ್ಕೆ ಹರಿಯುವ ನದಿಗಳು ಸೇರುವುದು ಭೀಮೆಯನ್ನೇ. ಭೀಮಾಶಂಕರದಲ್ಲಿ ಹುಟ್ಟುವ ಭೀಮೆಗೆ ತುಳಾಪುರದಲ್ಲಿ ಇಂದ್ರಾಯಣಿ ಕೂಡುತ್ತದೆ. ಪವನಾ ಮುಳೆಯನ್ನು ಸೇರುತ್ತದೆ. ಮುಳಾ, ಮುಠಾ ನಗರದ ಸಂಗಮದಲ್ಲಿ ಒಂದಾಗಿ ಮುಂದೆ ಭೀಮೆಯಲ್ಲಿ ಬೆರೆಯುತ್ತವೆ. ಉಜನಿ ಜಲಾಶಯ ದಾಟಿದ ಮೇಲೆ, ನರಸಿಂಗಪುರದಲ್ಲಿ, ನೀರಾ ಬರುತ್ತದೆ. ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ನಮ್ಮ ಗಾಣಗಾಪುರವನ್ನು ಹಾದು, 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಆದರೆ ಎಲ್ಲ ನೀರೂ ಪೂರ್ವಕ್ಕೆ ಬರುವುದಿಲ್ಲ. ಮುಳಶಿಯಲ್ಲಿ ಟಾಟಾ ಅಣೆಕಟ್ಟು ಮುಳೆಯನ್ನು ತಡೆದು, ಘಟ್ಟದ ಕೆಳಗಿನ ಭಿರಾ ವಿದ್ಯುದಾಗಾರಕ್ಕೆ, ಅಂದರೆ ಕೊಂಕಣಕ್ಕೆ, ನೀರು ತಿರುಗಿಸುತ್ತದೆ. 1921ರಲ್ಲಿ ಸೇನಾಪತಿ ಬಾಪಟರೊಂದಿಗೆ ಮುಳುಗಡೆಯ ರೈತರು ಸತ್ಯಾಗ್ರಹ ಹೂಡಿದ್ದು ಈ ಅಣೆಕಟ್ಟಿನ ವಿರುದ್ಧವೇ.

ನಗರಕ್ಕೆ ಬರುವುದು ಮುಠೆಯ ಖಡಕವಾಸಲಾ ನೀರು. ನಾವು ಬಳಸಿ ಬಿಟ್ಟ ಕೊಳೆ ಹರಿದುಹೋಗಿ ನಿಲ್ಲುವುದು ಉಜನಿಯಲ್ಲಿ. ಅದರ ಕೆಳಗೆ ನಮ್ಮೂರು.

ಕಾರಿಗೆ ಈಗ ಒಂದೇ ಬಕೆಟ್. ಅದರಿಂದ ಹೊಳೆ ತುಂಬುವುದಿಲ್ಲ, ಗೊತ್ತು. ಆದರೆ "ಮಳೆ ಆಗಿಲ್ಲ ಬಿಡವ್ವಾ" ಎನ್ನಲು ಈಗ ಬಾಯಿ ಬರುವುದಿಲ್ಲ.