ಅಳಿಸುವ ಮೊದಲು ಬಂಧಿಸಿಡಿ

2010ರ ಏಪ್ರಿಲ್ 21ರಂದು ಮೆಕಾಫಿ ಕಂಪನಿ ತನ್ನ ಆಂಟಿವೈರಸ್‌ಗೆ ಎಂದಿನಂತೆ ಒಂದು ಅಪ್‌ಡೇಟ್ ಕಳಿಸಿತು. ಅದರಲ್ಲೊಂದು ದೋಷವಿತ್ತು. ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಅಪ್ಪಟ ಫೈಲನ್ನೇ ಅದು ವೈರಸ್ ಎಂದು ಬಗೆಯಿತು. ವಿಂಡೋಸ್‌ನ ಹತ್ತಾರು ಒಳಗೆಲಸಗಳು ಈ ಫೈಲಿನ ಮೂಲಕವೇ ನಡೆಯುತ್ತವೆ. ಅದು ಜಾಗದಿಂದ ಕದಲಿದ್ದೇ ತಡ, ಕಂಪ್ಯೂಟರ್‌ಗಳು ನೆಟ್‌ವರ್ಕ್ ಕಳೆದುಕೊಂಡು, ಮತ್ತೆ ಮತ್ತೆ ತಾವಾಗಿಯೇ ರೀಸ್ಟಾರ್ಟ್ ಆಗತೊಡಗಿದವು. ಅಮೆರಿಕದಲ್ಲಿ ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು ಪರದಾಡಿದವು. ನೆಟ್‌ವರ್ಕೇ ಇಲ್ಲದ ಮೇಲೆ ಪರಿಹಾರವನ್ನು ದೂರದಿಂದ ಕಳಿಸುವಂತೆಯೂ ಇರಲಿಲ್ಲ. ಒಂದೊಂದು ಯಂತ್ರದ ಮುಂದೆಯೂ ಕೂತು ಫೈಲನ್ನು ಮರಳಿ ಅದರ ಜಾಗಕ್ಕೆ ಸೇರಿಸಬೇಕಾಯಿತು.

ಆಂಟಿವೈರಸ್ ಕೊಡುವ ತೀರ್ಪು ಎಷ್ಟೇ ಖಚಿತವಾಗಿ ಕಂಡರೂ ಅದೊಂದು ಅಂದಾಜು. ಈಗಾಗಲೇ ಗೊತ್ತಿರುವ ವೈರಸ್‌ಗಳ ಗುರುತುಗಳನ್ನು ಅದು ಫೈಲಿನೊಳಗೆ ಹುಡುಕುತ್ತದೆ. ಗುರುತು ಸಿಗದಿದ್ದರೆ ಪ್ರೋಗ್ರಾಮ್‌ನ ನಡವಳಿಕೆ ನೋಡಿ ಅನುಮಾನಿಸುತ್ತದೆ. ಎರಡರಲ್ಲೂ ಎಡವಬಹುದು. ಹಾಗಾಗಿ ಮನೆಯ ಕಂಪ್ಯೂಟರ್‌ನಲ್ಲಿ ಸೋಂಕಿತ ಫೈಲ್ ಸಿಕ್ಕಾಗ ಆಂಟಿವೈರಸ್ ಇಡುವ ಮೊದಲ ಹೆಜ್ಜೆ, ಬೇಕೆಂದರೆ ಹಿಂತೆಗೆಯಲು ಬರುವಂಥದ್ದಾಗಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅಳಿಸುವುದು ಅಂಥ ಹೆಜ್ಜೆಯಲ್ಲ.

ವೈರಸ್ಸನ್ನಷ್ಟೇ ತೆಗೆದು ಫೈಲನ್ನು ಉಳಿಸಿಕೊಳ್ಳಲು ಆಗದೇ? ವೈರಸ್ ಒಳಗೆ ಹೇಗೆ ಸೇರಿಕೊಂಡಿದೆ ಎಂಬುದರ ಮೇಲೆ ಇದರ ಉತ್ತರವಿದೆ. ಹಳೆಯ ಮಾದರಿಯ ವೈರಸ್ ತನ್ನ ಕೋಡನ್ನು ಪ್ರೋಗ್ರಾಮ್‌ನ ಕೊನೆಗೆ ಅಂಟಿಸಿ, ಪ್ರೋಗ್ರಾಮ್ ಶುರುವಾಗುವಲ್ಲಿನ ಕೆಲವು ಬೈಟ್‌ಗಳನ್ನು ಬದಲಿಸುತ್ತದೆ. ಫೈಲ್ ತೆರೆದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಜವಾದ ಪ್ರೋಗ್ರಾಮ್. ಯಾರಿಗೂ ಅನುಮಾನ ಬಾರದಂತೆ ಪ್ರೋಗ್ರಾಮ್ ಎಂದಿನಂತೆ ನಡೆಯಬೇಕಾದರೆ, ಬದಲಿಸಿದ ಆ ಮೂಲ ಬೈಟ್‌ಗಳನ್ನು ವೈರಸ್ ತನ್ನೊಳಗೇ ಎಲ್ಲೋ ಬಚ್ಚಿಟ್ಟುಕೊಂಡಿರಬೇಕು. ಆಂಟಿವೈರಸ್‌ಗೆ ಅನುಕೂಲವಾಗುವುದೇ ಇದು. ಬಚ್ಚಿಟ್ಟದ್ದನ್ನು ಹುಡುಕಿ ಸ್ವಸ್ಥಾನಕ್ಕೆ ಮರಳಿಸಿ, ಅಂಟಿಸಿದ ಭಾಗವನ್ನು ಕತ್ತರಿಸಿ ಹಾಕಿದರೆ ಫೈಲ್ ಶುದ್ಧ. 1999ರ ಮೆಲಿಸ್ಸಾದಂಥ ಮ್ಯಾಕ್ರೋ ವೈರಸ್ ವರ್ಡ್ ದಾಖಲೆಗೆ ತಗುಲಿದ್ದರೆ ಕೆಲಸ ಇನ್ನೂ ಸುಲಭ: ಮ್ಯಾಕ್ರೋ ಕಿತ್ತರೆ ಬರಹ ಹಾಗೇ ಉಳಿಯುತ್ತದೆ.

ಎಲ್ಲ ವೈರಸ್‌ಗಳೂ ಇಷ್ಟು ಅಚ್ಚುಕಟ್ಟಲ್ಲ. 2000ದ ಮೇ ತಿಂಗಳಲ್ಲಿ ಹರಡಿದ ‘ಐ ಲವ್ ಯೂ’, ಜೆಪೆಗ್ ಚಿತ್ರಗಳ ಮೇಲೆಯೇ ತನ್ನ ಪ್ರತಿಯನ್ನು ಬರೆದುಬಿಡುತ್ತಿತ್ತು. ಚಿತ್ರವೇ ಅಳಿದುಹೋದ ಮೇಲೆ ಶುಚಿ ಮಾಡಿ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ವಿರಟ್ ಎಂಬ ವೈರಸ್‌ನ ಬರವಣಿಗೆಯಲ್ಲೇ ತಪ್ಪುಗಳಿದ್ದು, ಅದು ತಗುಲಿದ ಎಷ್ಟೋ ಫೈಲ್‌ಗಳು ಸರಿಪಡಿಸಲಾಗದಷ್ಟು ಕೆಟ್ಟುಹೋಗುತ್ತಿದ್ದವು. ಇಂದು ಹೆಚ್ಚಾಗಿ ಕಾಣುವುದು ಟ್ರೋಜನ್‌ಗಳು. ಅವು ಬೇರೆ ಫೈಲಿಗೆ ಅಂಟುವುದಿಲ್ಲ, ಫೈಲ್ ಪೂರ್ತಿಯಾಗಿ ಕಪಟವೇ. ‘ಶುಚಿಗೊಳಿಸಲಾಗಲಿಲ್ಲ’ ಎಂದು ಆಂಟಿವೈರಸ್ ತಿಳಿಸಿದರೆ ಅದು ಸೋತಿತೆಂದು ಗಾಬರಿಯಾಗಬೇಕಿಲ್ಲ. ಬಹುತೇಕ ಸಂದರ್ಭದಲ್ಲಿ ಅಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಕೋವಿಡ್ ಕಾಲದಲ್ಲಿ ಮನೆಮಾತಾದ ಕ್ವಾರಂಟೈನ್ ಇಲ್ಲಿ ಬರುತ್ತದೆ. ಆಂಟಿವೈರಸ್ ಫೈಲನ್ನು ಅದರ ಜಾಗದಿಂದ ಎತ್ತಿ, ತನ್ನದೇ ಫೋಲ್ಡರಿಗೆ ಸಾಗಿಸಿ, ಒಳಗಿನ ಬೈಟ್‌ಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಇಡುತ್ತದೆ. ಹೀಗೆ ರೂಪ ಬದಲಾದ ಫೈಲನ್ನು ಯಾರು ಒತ್ತಿದರೂ ಅದು ಓಡುವುದಿಲ್ಲ. ಮೂಲ ಹೆಸರು, ಜಾಗ, ಸಿಕ್ಕ ದಿನ ಎಲ್ಲವೂ ಜೊತೆಗೇ ದಾಖಲಾಗಿರುತ್ತವೆ. ತೀರ್ಪು ತಪ್ಪೆಂದು ಗೊತ್ತಾದರೆ ಒಂದೇ ಒತ್ತಿಗೆ ಫೈಲ್ ಹಿಂದಿನಂತೆಯೇ ಮರಳುತ್ತದೆ. ಬಂಧಿಸಿಟ್ಟ ವೈರಸ್ ಕಂಪ್ಯೂಟರ್‌ನಲ್ಲೇ ಇದೆಯಲ್ಲ ಎಂದು ಅನೇಕರು ಹೆದರಿ ಪಟ್ಟಿಯನ್ನು ಕೂಡಲೇ ಖಾಲಿ ಮಾಡುತ್ತಾರೆ. ಆ ಅವಸರ ಬೇಡ. ಕೆಲವು ವಾರ ಬಿಡಿ. ಯಾವ ಪ್ರೋಗ್ರಾಮೂ ಮುನಿಸಿಕೊಳ್ಳದಿದ್ದರೆ, ಯಾವ ದಾಖಲೆಯೂ ಕಾಣೆಯಾಗದಿದ್ದರೆ, ಆಗ ಅಳಿಸಿ.

ಇಡೀ ಅಂಚೆಪೆಟ್ಟಿಗೆಯೇ ಒಂದು ಫೈಲಾಗಿದ್ದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಥಂಡರ್‌ಬರ್ಡ್ ರೂಢಿಯಂತೆ ಇನ್‌ಬಾಕ್ಸಿನ ಎಲ್ಲ ಪತ್ರಗಳನ್ನೂ ಒಂದೇ ಫೈಲಿನಲ್ಲಿ ಪೇರಿಸುತ್ತದೆ. ಔಟ್‌ಲುಕ್‌ನ ದಾಸ್ತಾನೂ ಅಂಥದ್ದೇ. ಯಾವುದೋ ಒಂದು ಪತ್ರದ ಲಗತ್ತಿನಲ್ಲಿ ವೈರಸ್ ಕಂಡು ಆಂಟಿವೈರಸ್ ಆ ಫೈಲನ್ನೇ ಅಳಿಸಿದರೆ ವರ್ಷಗಟ್ಟಲೆಯ ಪತ್ರಗಳು ಒಟ್ಟಿಗೆ ಹೋದವು. ಅದಕ್ಕೇ ಥಂಡರ್‌ಬರ್ಡ್‌ನಲ್ಲಿ, ಬರುವ ಪತ್ರಗಳನ್ನು ಒಂದೊಂದಾಗಿ ತಪಾಸಣೆಗೆ ಒಡ್ಡುವ ಆಯ್ಕೆಯೊಂದಿದೆ. ಅದನ್ನು ಆನ್ ಮಾಡಿಟ್ಟುಕೊಳ್ಳಿ.

ನಮ್ಮೂರುಗಳ ಜೆರಾಕ್ಸ್ ಅಂಗಡಿ, ಕಾಲೇಜು ಲ್ಯಾಬುಗಳಿಗೆ ಹೋಗಿಬರುವ ಪೆನ್ ಡ್ರೈವ್‌ಗಳ ಸಂಗತಿ ಬೇರೆ. ಶಾರ್ಟ್‌ಕಟ್ ವೈರಸ್ ಎಂದು ಎಲ್ಲರೂ ಕರೆಯುವ ಪಿಡುಗು ನಿಮ್ಮ ಫೋಲ್ಡರ್‌ಗಳನ್ನು ಮರೆಮಾಡಿ, ಅದೇ ಹೆಸರಿನ ನಕಲಿ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಆಂಟಿವೈರಸ್ ಆ ನಕಲಿಗಳನ್ನು ತೆಗೆಯುತ್ತದೆ, ಆದರೆ ಅಡಗಿಸಿದ್ದನ್ನು ಹೊರತೋರಿಸದೆಯೂ ಬಿಡಬಹುದು. ಡ್ರೈವ್ ಬರಿದಾಗಿ ಕಾಣುತ್ತದೆ, ‘ಆಂಟಿವೈರಸ್ ಎಲ್ಲವನ್ನೂ ನುಂಗಿತು’ ಎಂದು ಜನ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಫೈಲ್‌ಗಳು ನಿಜವಾಗಿ ನಾಶವಾಗುವುದು ಆಗಲೇ. ಬರಿದಾಗಿ ಕಂಡ ಡ್ರೈವಿನಲ್ಲಿ ಜಾಗ ಮಾತ್ರ ತುಂಬಿದಂತಿದ್ದರೆ, ಅಡಗಿದ ಫೈಲ್‌ಗಳನ್ನು ತೋರಿಸುವ ಸೆಟ್ಟಿಂಗನ್ನು ಮೊದಲು ಒತ್ತಿ ನೋಡಿ.

ವೈರಸ್ ಕಂಡ ಗಾಬರಿಯಲ್ಲಿರುವವರ ಮುಂದೆ ‘ಬಂಧಿಸು, ತೆಗೆದುಹಾಕು, ಬಿಟ್ಟುಬಿಡು’ ಎಂದು ಮೂರು ಗುಂಡಿಗಳನ್ನಿಟ್ಟು ಉತ್ತರ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆಂಟಿವೈರಸ್ ತಾನೇ ಬಂಧಿಸಿ, ಯಾವ ಫೈಲನ್ನು ಎಲ್ಲಿಂದ ಏಕೆ ಎತ್ತಿದೆನೆಂದು ಸರಳವಾಗಿ ತಿಳಿಸಲಿ. ಆಮೇಲಿನ ನಿರ್ಧಾರವನ್ನು ಬಳಸುವವರು ಸಮಾಧಾನದಿಂದ ಮಾಡಬಹುದು. ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಪ್ರೋಗ್ರಾಮ್ ಆಗಿದ್ದರೆ ಶುಚಿಗೊಳಿಸುವ ಗೋಜು ಬೇಡ, ತೆಗೆದುಹಾಕಿ ತಯಾರಕರ ತಾಣದಿಂದ ಹೊಸ ಪ್ರತಿ ಹಾಕಿಕೊಳ್ಳಿ. ಪ್ರಬಂಧ, ಲೆಕ್ಕಪತ್ರ, ಮನೆಯ ಫೋಟೋಗಳಿಗೆ ಎರಡನೆಯ ಪ್ರತಿ ಇಲ್ಲದಿದ್ದರೆ ಸಂಯಮ ಬೇಕು. ಅನುಮಾನವಿದ್ದ ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣವಿದೆ. ಅಲ್ಲಿಗೆ ಏರಿಸಿದ್ದು ಭದ್ರತಾ ಕಂಪನಿಗಳ ಕೈಗೂ ಹೋಗುವುದರಿಂದ ಖಾಸಗಿ ದಾಖಲೆಗಳನ್ನು ಏರಿಸಬೇಡಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಶುದ್ಧಿ ಸಾಧನಗಳನ್ನು ಒದಗಿಸುತ್ತಿದೆ.

ಹಣ ಕೀಳಲು ರಾನ್ಸಮ್‌ವೇರ್ ಬೀಗ ಹಾಕಿದ ಫೈಲ್‌ಗಳನ್ನಂತೂ ಅಳಿಸಲೇಬಾರದು. ಅವು ಸೋಂಕಿತವಲ್ಲ, ಒತ್ತೆಯಲ್ಲಿರುವ ನಿಮ್ಮದೇ ದಾಖಲೆಗಳು. ಬೀಗ ಹಾಕಿದ ಪ್ರೋಗ್ರಾಮನ್ನು ಆಂಟಿವೈರಸ್ ಹಿಡಿಯುತ್ತದೆ, ಬೀಗ ತೆಗೆಯಲಾರದು. ಆದರೂ ಆ ಫೈಲ್‌ಗಳನ್ನು ಒಂದು ಡ್ರೈವಿಗೆ ನಕಲು ಮಾಡಿ ಇಟ್ಟುಕೊಳ್ಳಿ. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ಎಂಬ ರಾನ್ಸಮ್‌ವೇರ್ ನಡೆಸುತ್ತಿದ್ದವರು ವಹಿವಾಟು ಮುಚ್ಚುವಾಗ, ಈಸೆಟ್ ಕಂಪನಿಯ ಸಂಶೋಧಕರೊಬ್ಬರು ಹೆಸರು ಹೇಳದೆ ಅವರನ್ನೇ ಸಂಪರ್ಕಿಸಿ ಮೂಲ ಕೀಲಿ ಕೇಳಿದರು. ಅವರು ಅದನ್ನು ಬಹಿರಂಗವಾಗಿ ಪ್ರಕಟಿಸಿಬಿಟ್ಟರು. ಬಿಡಿಸುವ ಉಚಿತ ಸಾಧನ ಬೇಗನೇ ಬಂತು, ಬೀಗಬಿದ್ದ ಫೈಲ್‌ಗಳನ್ನು ಅಳಿಸದೆ ಇಟ್ಟುಕೊಂಡಿದ್ದವರು ಬಿಡಿಗಾಸು ಕೊಡದೆ ಅವನ್ನು ತೆರೆದುಕೊಳ್ಳಲು ಸಾಧ್ಯವಾಯಿತು.