ಹೆಪ್ಪುಗಟ್ಟದ ಹಾಲು

ಶೆಟ್ಟಿಹಳ್ಳಿಯ ಭಕ್ತೆಯೊಬ್ಬರು ಈಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಕೇಳಿದ್ದು ತಮ್ಮ ಕಾಯಿಲೆಯ ವಿಷಯವನ್ನಲ್ಲ. “ಡಾಕ್ಟ್ರೇ, ಎರಡು ದಿನದಿಂದ ಎಷ್ಟು ಹೆಪ್ಪು ಹಾಕಿದ್ರೂ ಹಾಲು ಮೊಸರಾಗ್ತಿಲ್ಲ. ಯಾರದಾದ್ರೂ ದೃಷ್ಟಿ ತಾಗಿರಬೌದಾ?” ಎಂದರು. “ತಾಯಿ, ಹಸುವಿಗೆ ಔಷಧವೇನಾದರೂ ಹಾಕಿಸಿದಿರಾ?” ಎಂದು ನಾವು ವಿಚಾರಿಸಲು, ಕೆಚ್ಚಲು ಬಾವು ಬಂದು ಮೂರು ದಿನ ಇಂಜೆಕ್ಷನ್ ಕೊಡಿಸಿದ ಸಂಗತಿ ತಿಳಿಯಿತು. ಹಸುವಿನ ಮೈಗೆ ಸೇರಿದ ಆಂಟಿಬಯೋಟಿಕ್ ಹಾಲಿಗೂ ಇಳಿದು, ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳನ್ನೇ ತಡೆದಿರಬೇಕು.

ಹೆಪ್ಪು ಕೆಟ್ಟಾಗ ಮಾತ್ರ ಶೇಷವಿದೆಯೆಂದು ತಿಳಿಯಬಾರದು. ಚೆನ್ನಾಗಿ ಮೊಸರಾದ ಹಾಲಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಅದು ಉಳಿದಿರಬಹುದು. ಕಾಯಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಹಾಲಿನಲ್ಲಿ ಪೆನಿಸಿಲಿನ್‌ಗೆ ಕೋಡೆಕ್ಸ್ ವಿಧಿಸಿರುವ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ, ಎಂದರೆ ಹತ್ತು ಲಕ್ಷ ಲೀಟರ್ ಹಾಲಿಗೆ 4 ಗ್ರಾಂ. ಇಷ್ಟು ಸೂಕ್ಷ್ಮವಾದುದನ್ನು ಅಳೆಯುವುದಾದರೂ ಹೇಗೆ?

1903ರಲ್ಲಿ ವಾರ್ಸಾ ನಗರದಲ್ಲಿದ್ದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಸಿದಾಗ, ಹಸಿರು ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. ಇಂದಿನ ದ್ರವ ಕ್ರೊಮಟೊಗ್ರಫಿಯ ಮೂಲ ಇದೇ. ಮೊದಲು ಹಾಲಿನ ಸಸಾರಜನಕವನ್ನು ಒಡೆಸಿ ಸೋಸಿ ತೆಗೆಯುತ್ತಾರೆ. ಉಳಿದ ದ್ರವದ ಒಂದೆರಡು ತೊಟ್ಟನ್ನು, ಅತಿ ನಯವಾದ ಸಿಲಿಕಾ ಕಣಗಳನ್ನು ತುಂಬಿದ ಉಕ್ಕಿನ ಸಣ್ಣ ಕೊಳವೆಯೊಳಗೆ ದ್ರಾವಕದೊಡನೆ ಭಾರಿ ಒತ್ತಡದಿಂದ ನೂಕುತ್ತಾರೆ. ಜಾತ್ರೆಯ ಬೀದಿಯಲ್ಲಿ ಪ್ರತಿ ಅಂಗಡಿಯಲ್ಲೂ ನಿಲ್ಲುವವನು ಮನೆಗೆ ತಡವಾಗಿ ಬರುವನಷ್ಟೆ. ಹಾಗೆಯೇ ಕಣಗಳಿಗೆ ಹೆಚ್ಚು ಅಂಟಿಕೊಳ್ಳುವ ವಸ್ತು ಕೊಳವೆಯ ತುದಿಗೆ ತಡವಾಗಿ ಬರುತ್ತದೆ. ಸಾಮಾನ್ಯವಾಗಿ ಆಕ್ಸಿಟೆಟ್ರಾಸೈಕ್ಲಿನ್ ಮೊದಲು, ಟೆಟ್ರಾಸೈಕ್ಲಿನ್ ಅನಂತರ. ಹೊರಬಂದ ಹೊತ್ತು ಅದು ಯಾವ ಔಷಧವೆಂಬುದನ್ನು ತೋರಿಸಿದರೆ, ಗೆರೆಯಲ್ಲೇಳುವ ದಿಬ್ಬದ ವಿಸ್ತಾರವನ್ನು ತಿಳಿದ ಪ್ರಮಾಣದ ಮಾದರಿಯೊಡನೆ ಹೋಲಿಸಿ ಎಷ್ಟಿದೆಯೆಂದು ಹೇಳುತ್ತಾರೆ. ಅತ್ಯಲ್ಪ ಪ್ರಮಾಣವಿದ್ದಲ್ಲಿ ಕೊಳವೆಯ ತುದಿಗೆ ಅಣುಭಾರ ಅಳೆಯುವ ಯಂತ್ರವನ್ನೂ ಜೋಡಿಸುತ್ತಾರೆ.

2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 77ರಲ್ಲಿ ಆಂಟಿಬಯೋಟಿಕ್ ಮಿತಿ ಮೀರಿತ್ತು. ಸಂಖ್ಯೆ ಚಿಕ್ಕದೇ. ಆದರೆ ಪೆನಿಸಿಲಿನ್ ಒಗ್ಗದವರಿಗೆ ಅಲ್ಪವೂ ತೊಂದರೆ ಕೊಡಬಲ್ಲದು. ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಲು ಇಂಥ ಶೇಷವೂ ಒಂದು ದಾರಿ. ಪ್ರತಿ ಕೊಟ್ಟಿಗೆಯ ಹಾಲನ್ನು ಈ ಯಂತ್ರಕ್ಕೆ ಒಡ್ಡುವುದು ಸಾಧ್ಯವೂ ಅಲ್ಲ. ಕ್ಯಾನಿನಲ್ಲಿ ಊರಿನ ಹಾಲೆಲ್ಲ ಬೆರೆತ ಮೇಲೆ ಒಂದು ಹಸುವಿನ ಔಷಧ ಎಲ್ಲರದೂ ಆಗುತ್ತದೆ.

ಲೋಳೆಸರ, ಅರಿಶಿನ, ಸುಣ್ಣದ ಲೇಪವೊಂದೇ ಸಾಕೆಂದು ನಾವು ಬರೆಯುವೆವೆಂದು ಓದುಗರು ನಿರೀಕ್ಷಿಸಬಹುದು. ಹಾಗೆ ಬರೆಯಲಾರೆವು. ಬಾವು ತೀವ್ರವಾಗಿದ್ದರೆ ಪಶುವೈದ್ಯರ ಔಷಧವೇ ಬೇಕು. ಔಷಧದ ಚೀಟಿಯ ಮೇಲೆ ಹಾಲನ್ನು ಬಳಸಬಾರದ ಅವಧಿಯನ್ನು ನಮೂದಿಸಬೇಕೆಂದು 2012ರಿಂದ ನಿಯಮವಿದೆ. ಅವಧಿ ನಿರ್ದಿಷ್ಟವಾಗಿ ದೃಢಪಟ್ಟಿರದಿದ್ದರೆ ಕನಿಷ್ಠ 7 ದಿನ. ಒಂದೇ ಮೊಲೆಗೆ ಔಷಧ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಬೇಕು. ಅದನ್ನು ಕರುವಿಗೂ ಕುಡಿಸಬಾರದು.

“ಏಳು ದಿನದ ಹಾಲು ಚೆಲ್ಲಿದ್ರೆ ಬಟವಾಡೆ ಏನು ಉಳೀತದೆ?” ಎಂದು ಆ ತಾಯಿ ಕೇಳಿದರು. ನ್ಯಾಯವಾದ ಮಾತು. ಆ ನಷ್ಟವನ್ನು ಬಡ ಮನೆಯೊಂದೇ ಹೊರುವಂತಾಗಬಾರದು. ಸಂಘದ ಸಭೆಯಲ್ಲಿ ಭಕ್ತರು ಇದನ್ನು ಎತ್ತಬೇಕು. ಆಕೆ ಮಾತ್ರ ಚೀಟಿ ಓದಿಸಿಕೊಂಡು, ಅಷ್ಟೂ ದಿನ ಸಂಘಕ್ಕೆ ಹಾಲು ಹಾಕಲಿಲ್ಲ.