ಮುದನೂರಿನ ನೇಕಾರ ದೇವರಿಗೆ ಹಾಕಿದ ಸವಾಲು

ಹಸಿವು, ಸುಳ್ಳು ಎಲ್ಲ ಮೈ ಹೊತ್ತವರ ಪಾಡು. ಅದಕ್ಕಾಗಿ ನನ್ನನ್ನು ಜರಿಯುವ ಮೊದಲು ನೀನೂ ಒಮ್ಮೆ ಮೈ ತಳೆದು ನೋಡು ಎಂದು ದೇವರನ್ನೇ ಕೆಣಕಿದವನು ನಮ್ಮ ಸುರಪುರ ಸೀಮೆಯ ಒಬ್ಬ ನೇಕಾರ. ಕೆಂಭಾವಿ ಹತ್ತಿರದ ಮುದನೂರಿನ ಜೇಡರ ದಾಸಿಮಯ್ಯ. ಕಾಲ ಸುಮಾರು 11ನೇ ಶತಮಾನ, ಅಂದರೆ ಬಸವಣ್ಣನಿಗಿಂತ ಮೊದಲು. ವಚನಕಾರರಲ್ಲಿ ಮೊದಲಿಗನೆಂದು ಸಾಹಿತ್ಯ ಚರಿತ್ರೆ ಅವನನ್ನು ಗುರುತಿಸುತ್ತದೆ. ಊರ ದೇವರು ರಾಮನಾಥನೇ ಅವನ ಅಂಕಿತ.

ಬದುಕಿನ ಬಗ್ಗೆ ಕತೆಗಳೇ ಹೆಚ್ಚು. ಕಾಡಿನಲ್ಲಿ ತಪಸ್ಸಿಗೆ ಕುಳಿತವನಿಗೆ ಶಿವ ಪ್ರತ್ಯಕ್ಷನಾಗಿ, ದುಡಿದು ತಿನ್ನು ಎಂದನಂತೆ. ದಾಸಿಮಯ್ಯ ಎದ್ದು ಬಂದು ಮಗ್ಗಕ್ಕೆ ಕುಳಿತ. ಹೆಣ್ಣು ನೋಡಲು ಹೋದಾಗ ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ಬೇರೆ ನೀರು, ಸೌದೆ ಇಲ್ಲದೆ ಪಾಯಸ ಮಾಡಿಕೊಡಲು ಹೇಳಿದನೆಂದೂ, ಮುಂದೆ ಅವನ ಹೆಂಡತಿಯಾದ ದುಗ್ಗಳೆ ಅದನ್ನು ಮಾಡಿಯೇ ಬಡಿಸಿದಳೆಂದೂ ಐತಿಹ್ಯ. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆ ಕೊಟ್ಟವನು ದೇವರ ದಾಸಿಮಯ್ಯ ಎನ್ನುತ್ತಾರೆ. ಅವನೂ ಈ ನೇಕಾರನೂ ಒಬ್ಬನೇನಾ ಎಂಬ ಜಗಳ ವಿದ್ವಾಂಸರಲ್ಲಿ ಹಳೆಯದು. ಆ ಜಗಳ ಅವರಿಗಿರಲಿ, ನಮಗೆ 150ಕ್ಕೂ ಹೆಚ್ಚು ವಚನಗಳು ಉಳಿದಿವೆ.

ಹೆಚ್ಚಿನವು ನಾಲ್ಕೈದು ಸಾಲಿನವು. ಬಿಗಿಯಾಗಿ ನೇಯ್ದ ಬಟ್ಟೆಯಂತೆ, ಎಳೆದರೂ ಒಂದು ನೂಲು ಕೈಗೆ ಬಾರದು. ನೆಲ, ಬೆಳೆ, ಗಾಳಿ ಎಲ್ಲ ದೇವರು ಕೊಟ್ಟದ್ದು. ಅದನ್ನುಂಡು ಬೇರೆಯವರನ್ನು ಹೊಗಳುವವರ ಮೇಲೆ ಅವನ ಮಾತು ಛಡಿಯೇಟಿನಂತೆ ಬೀಳುತ್ತದೆ. ಮೊಲೆ, ಮುಡಿ, ಗಡ್ಡ, ಮೀಸೆ ನೋಡಿ ಜನ ಹೆಣ್ಣು ಗಂಡು ಎಂದು ಹೆಸರಿಡುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದವನೂ ಇವನೇ. ಇಂದಿಗೂ ಎಷ್ಟೋ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಓದುವುದು ಸುಲಭವಲ್ಲ.

ಹೆಣ್ಣು ಗಂಡೆಂಬ ಗೆರೆಯನ್ನು ಹೀಗೆ ದಾಟಿದವರು ಬೇರೆಡೆಯೂ ಇದ್ದರು. ಇಂಗ್ಲೆಂಡಿನ ನಾರಿಚ್ ಊರಿನಲ್ಲಿ ಜೂಲಿಯನ್ ಎಂಬ ಕ್ರೈಸ್ತ ಅನುಭಾವಿ ಇದ್ದಳು. 1373ರಲ್ಲಿ, ಸಾವಿನಂಚಿನ ಕಾಯಿಲೆಯಲ್ಲಿ ಕಂಡ ದರ್ಶನಗಳನ್ನು ಲ್ಯಾಟಿನ್‌ನಲ್ಲಲ್ಲ, ತನ್ನ ಜನರ ಇಂಗ್ಲಿಷಿನಲ್ಲೇ ಬರೆದಳು. ಕ್ರಿಸ್ತನನ್ನು ತಾಯಿ ಎಂದು ಕರೆದಳು. ಚರ್ಚಿಗೆ ಹೊಂದಿಕೊಂಡ ಒಂದು ಕೋಣೆಯೇ ಅವಳ ಲೋಕವಾಯಿತು. ಮುನ್ನೂರು ವರ್ಷ ಮೊದಲಿನ ದಾಸಿಮಯ್ಯನಿಗೆ ಕೋಣೆ ಬೇಕಾಗಲಿಲ್ಲ. ಮಗ್ಗವಿತ್ತು, ಹೆಂಡತಿಯಿದ್ದಳು. ಸತಿಪತಿ ಒಂದಾದ ಭಕ್ತಿಯೇ ಶಿವನಿಗೆ ಹಿತ ಎಂದು ಅವನು ಹೇಳಿದ್ದು ಬರೀ ಉಪದೇಶವಲ್ಲ: ದುಗ್ಗಳೆಯೂ ವಚನಕಾರ್ತಿ. ದಾಸಯ್ಯಪ್ರಿಯ ರಾಮನಾಥ ಎಂಬುದು ಅವಳ ಅಂಕಿತ. ಗಂಡನ ಹೆಸರನ್ನೂ ದೇವರ ಹೆಸರನ್ನೂ ಒಂದೇ ಎಳೆಯಲ್ಲಿ ಸೇರಿಸಿದ್ದಾಳೆ.

1973ರಲ್ಲಿ ಎ.ಕೆ. ರಾಮಾನುಜನ್ ವಚನಗಳನ್ನು ಇಂಗ್ಲಿಷಿಗೆ ತಂದಾಗ ಆರಿಸಿದ್ದು ನಾಲ್ವರನ್ನೇ: ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ಮತ್ತೆ ನಮ್ಮ ದಾಸಿಮಯ್ಯ. ಹೊರಗಿನವರು ಅವನನ್ನು ಕವಿಯೆಂದು ಓದಿದರು. ನಾವು ಜಯಂತಿಗೆ ಹಾರ ಹಾಕಿ, ಮರಳಿನ ಪಾಯಸದ ಪವಾಡ ಹೇಳಿ ಮುಗಿಸುತ್ತೇವೆ. ಮುಂದಿನ ಜಯಂತಿಗೆ ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಲ್ಲಿ ಭಾಷಣ ಬಿಟ್ಟು ಮಕ್ಕಳಿಂದ ಅವನ ಹತ್ತು ವಚನ ಓದಿಸಿ. ದುಗ್ಗಳೆಯದನ್ನೂ ಮರೆಯಬೇಡಿ.